ತಂಪು ಮನೆಗೆ ಮೂರನೇ ಜ್ವರ

ಕಟ್ಟೆಮಳಲವಾಡಿಯ ವಿರೂಪಾಕ್ಷನ ಫಜೀತಿ ಶುರುವಾದದ್ದು ಫೋನಿನಲ್ಲಿ ಬಂದ ಒಂದು ಜ್ವರದಿಂದ. ಏಪ್ರಿಲ್ ತಿಂಗಳು. ಬೆಳಗ್ಗೆ ಎದ್ದು ಹೊಗೆಸೊಪ್ಪಿನ ಸಸಿ ಮಡಿಗೆ ನೀರು ಹಾಕಿ, ಕೈಕಾಲು ತೊಳೆದು, ಕಾಫಿ ಲೋಟ ಹಿಡಿದಿದ್ದನಷ್ಟೆ, ಫೋನು ಬಡಿದುಕೊಂಡಿತು. ಅವನ ಹೊಸ ಮನೆಯ ಗೋಡೆಗಳು ಬಲು ದಪ್ಪ. ಒಳಗೆ ಫೋನು ಬಡಿದುಕೊಳ್ಳುವಷ್ಟು ಸಿಗ್ನಲ್ ಬರುತ್ತಿತ್ತೇ ಹೊರತು ಮಾತು ಕೇಳಿಸುವಷ್ಟು ಬರುತ್ತಿರಲಿಲ್ಲ. ಕಾಫಿ ಬಿಟ್ಟು ತಾರಸಿಗೆ ಓಡಿದ.

"ಅಳಿಯಂದ್ರೇ, ನಿಮ್ಮನೆ ಈಗ್ಲೂ ತಂಪಾಗೈತಾ?" ಮಿರ್ಲೆಯಿಂದ ಮಾವ ಷಣ್ಮುಖಪ್ಪನವರ ದನಿ.

"ಐತೆ ಮಾವ. ನೆನ್ನೆ ಮಧ್ಯಾಹ್ನ ಹೊರಗೆ ತೊಂಬತ್ತೇಳು ಡಿಗ್ರಿ, ಒಳಗೆ ಎಂಬತ್ತೆರಡು. ಫೋಟೊ ಕಳ್ಸಿದ್ನಲ್ಲ."

"ನೋಡ್ದೆ. ಇಲ್ಲಿ ಶೀಟಿನ ಕೆಳಗೆ ಕಾದು ಕೆಂಡ ಆಗೈತೆ. ಮೂರ್ನೇ ಜ್ವರ ಇವತ್ತು ಬೆಳಗ್ಗೆ ಬುಡ್ತು. ಇನ್ನು ಚೆನ್ನಾಗಿ ತಿನ್ನೋ ಹೊತ್ತು, ಈ ಸೆಕೇಲಿ ಬಾಯೇ ತೆಗೀತಿಲ್ಲ. ಸಂಜೆಗೆ ಎತ್ಕಂಡು ಅಲ್ಲಿಗೇ ಬಂದ್ಬುಡ್ತೀನಿ."

ವಿರೂಪಾಕ್ಷ ಫೋನನ್ನು ಕಿವಿಗೆ ಒತ್ತಿ ಹಿಡಿದ. "ಬನ್ನಿ ಮಾವ, ಬನ್ನಿ."

"ತಿನ್ನಕ್ಕೆ ನಾನೇ ತತ್ತೀನಿ. ನೀವು ನೆಲಾನ ಬ್ಲೀಚಿಂಗ್ ಪುಡಿ ಹಾಕಿ ತೊಳ್ದಿಡಿ. ಊದಿನಕಡ್ಡಿ, ಧೂಪ ಏನೂ ಬೇಡ, ಹೊಗೆ ಆಗಕಿಲ್ಲ. ಹೊಗೆಸೊಪ್ಪು ಏನಾದ್ರೂ ಮನೇಲಿಟ್ಟಿದ್ದೀರಾ?"

"ಒಂದೆಲೆನೂ ಇಲ್ಲ ಮಾವ. ಉಷಾ..." ಎನ್ನುವಷ್ಟರಲ್ಲಿ ಲೈನು ಕಡಿಯಿತು. ಷಣ್ಮುಖಪ್ಪನವರು ಗದ್ದೆ, ಹಸು, ರೇಷ್ಮೆ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವ ಮನುಷ್ಯ. ಹೇಳುವುದು ಮುಗಿದ ಮೇಲೆ ಕೇಳಿಸಿಕೊಳ್ಳಲು ಅವರಿಗೆ ಪುರಸೊತ್ತಿರುತ್ತಿರಲಿಲ್ಲ.

ಬಾಣಂತನಕ್ಕೆಂದು ತವರಿಗೆ ಹೋದ ಹೆಂಡತಿ ಉಷಾರಾಣಿ, ಮಗಳು ಚಿನ್ನು ರಾಗಿ ಸರಿ ತಿನ್ನುವಷ್ಟು ದೊಡ್ಡವಳಾದರೂ ಹಿಂತಿರುಗಿರಲಿಲ್ಲ. ಕಾರಣ ಈ ಮನೆ. "ಫ್ಯಾನೇ ಇಲ್ಲದ ಮನೇಗೆ ಎಳೇ ಮಗೂನ ಎತ್ಕಂಡು ನಾನು ಬರಕಿಲ್ಲ. ಫ್ಯಾನ್ ಹಾಕ್ಸೋವರ್ಗೂ ಫೋನೂ ಮಾಡ್ಬೇಡಿ" ಎಂದವಳು ಮಾತಿಗೆ ತಪ್ಪದೆ ಅವನ ಫೋನು ಎತ್ತುವುದನ್ನೇ ಬಿಟ್ಟಿದ್ದಳು. ವಿರೂಪಾಕ್ಷನಿಗೆ ಇಷ್ಟು ದಿನವೂ ಅದೊಂದು ಸಂಕಟ. ಹೆಂಡತಿ ಮಗು ಇಲ್ಲದ ಮನೆ ಎಷ್ಟು ತಂಪಾಗಿದ್ದು ಏನು ಪ್ರಯೋಜನ ಎಂದು ಒಬ್ಬನೇ ಊಟಕ್ಕೆ ಕೂತಾಗಲೆಲ್ಲ ಅನಿಸುತ್ತಿತ್ತು. ಈಗ ಮಗುವಿಗೆ ಮೂರನೇ ಸಲ ಜ್ವರ ಬಂದು ಬಿಟ್ಟಿದೆ, ಮಿರ್ಲೆಯ ಸೆಕೆ ತಾಳದೆ ಮಾವನೇ ಎತ್ತಿಕೊಂಡು ಬರುತ್ತಿದ್ದಾರೆ. ಮಗು ಬಂದರೆ ತಾಯಿ ಬಾರದೆ ಇರುತ್ತಾಳೆಯೇ? ಇವತ್ತು ಮನೆ ತಂಪಾಗಿದ್ದರೆ ಅವರು ಉಳಿಯುತ್ತಾರೆ, ಇಲ್ಲವಾದರೆ ಅದೇ ಗಾಡಿಯಲ್ಲಿ ವಾಪಸ್ಸು. ಅವನಿಗೆ ಅಷ್ಟು ಸ್ಪಷ್ಟವಾಯಿತು.

ಅವನು ಹೀಗೊಂದು ಮನೆ ಕಟ್ಟಿದ್ದರ ಹಿಂದೆ ಇದ್ದದ್ದು ಬರೀ ಕುತೂಹಲ. ಬೆಂಕಿ ಹಾಕಿ ಹೊಗೆಸೊಪ್ಪು ಬೇಯಿಸುವ ಎತ್ತರದ ಕೊಠಡಿಯೇ ಬ್ಯಾರನ್ನು. ಅದರ ಮುಂದೆ ನಿದ್ದೆಗೆಟ್ಟು ಕೂತವರಿಗೆ ಬೀಡಿ ಸೇದುವುದೋ ಇಸ್ಪೀಟು ಆಡುವುದೋ ಅಭ್ಯಾಸವಾಗುತ್ತದೆ. ವಿರೂಪಾಕ್ಷನಿಗೆ ಯೋಚಿಸುವುದು ಅಭ್ಯಾಸವಾಯಿತು. ಬ್ಯಾರನ್ನಿನ ಕೆಳಗಿನ ಕಿಂಡಿ ತೆಗೆದರೆ ಗಾಳಿ ಒಳಗೆ ನುಗ್ಗುತ್ತದೆ, ಮೇಲಿನ ಕಿಂಡಿ ತೆಗೆದರೆ ಬಿಸಿ ಹೊರಗೆ ಹೋಗುತ್ತದೆ. ಎರಡು ತೂತುಗಳಿಂದ ಗಾಳಿಯನ್ನು ಹೇಳಿದ ಕಡೆ ಕಳಿಸಬಹುದಾದರೆ ಮನುಷ್ಯರ ಮನೆಯಲ್ಲಿ ಯಾಕೆ ಕಳಿಸಬಾರದು? ಇದನ್ನೇ ತಲೆಯಲ್ಲಿಟ್ಟುಕೊಂಡು ಮೈಸೂರಿನ ಪೂಜಾ ಎಂಬ ಇಂಜಿನಿಯರನ್ನು ಹುಡುಕಿಕೊಂಡು ಹೋದ. ಆಕೆ ದಪ್ಪ ಮಣ್ಣಿನ ಇಟ್ಟಿಗೆಯ ಗೋಡೆ, ಪಡುವಣಕ್ಕೆ ಕಿಟಕಿಯಿಲ್ಲದೆ ಬಳ್ಳಿ, ಬಿಳಿ ಬಣ್ಣದ ತಾರಸಿ, ಅದರೊಳಗೆ ಬೋರಲಾಗಿ ಹುದುಗಿಸಿದ ಮಡಕೆಗಳು, ನೆಲದ ಮಟ್ಟದಲ್ಲಿ ಕಿಂಡಿ, ತಾರಸಿಯ ಮೇಲೆ ಎತ್ತರದ ಗಾಳಿಗೂಡು ಎಲ್ಲವನ್ನೂ ಬರೆದುಕೊಟ್ಟು, "ರಾತ್ರಿ ಎಲ್ಲಾ ತೆಗೀರಿ, ಹಗಲು ಎಲ್ಲಾ ಮುಚ್ಚಿ. ರಾತ್ರಿಯ ತಂಪನ್ನ ಗೋಡೆ ಹಿಡ್ಕೊಂಡಿರುತ್ತೆ. ಹಗಲಿನ ಬಿಸಿಲು ಗೋಡೆ ದಾಟಿ ಒಳಗೆ ಬರೋ ಹೊತ್ತಿಗೆ ಸಂಜೆಯಾಗಿರುತ್ತೆ, ಆಗ ಕಿಟಕಿ ತೆಗೆದು ಆಚೆ ಕಳಿಸಿ" ಎಂದಿದ್ದಳು.

ಒಂದನ್ನು ಮಾತ್ರ ವಿರೂಪಾಕ್ಷ ಸ್ವಂತ ಬುದ್ಧಿಯಿಂದ ಮಾಡಿಸಿದ್ದ. ಗಾಳಿಗೂಡಿನ ಬಾಗಿಲು ತೆಗೆದು ಮುಚ್ಚುವ ಹಗ್ಗವನ್ನು ಬ್ಯಾರನ್ನಿನಲ್ಲಿರುವಂತೆ ಹೊರಗೋಡೆಗೆ ಇಳಿಬಿಟ್ಟಿದ್ದ. ಬ್ಯಾರನ್ನಿನೊಳಗೆ ಸೊಪ್ಪಿರುತ್ತದೆ, ಮನೆಯೊಳಗೆ ಮನುಷ್ಯರಿರುತ್ತಾರೆ ಎಂಬ ವ್ಯತ್ಯಾಸ ಆಗ ಹೊಳೆದಿರಲಿಲ್ಲ. ಇದಕ್ಕೂ ಉಷಾರಾಣಿ ಬೈದಿದ್ದಳು.

ಅವನು ಕಿಟಕಿಗಳನ್ನೆಲ್ಲ ಮುಚ್ಚಿ, ಕಿಂಡಿಗಳನ್ನು ಬಿಗಿದು, ಬ್ಲೀಚಿಂಗ್ ಪುಡಿ ಹಾಕಿ ನೆಲ ಉಜ್ಜಿದ. ಆ ನೀರು ಅಂಗಳ ದಾಟಿ ಎದುರು ಮನೆಯ ಮಲ್ಲಾಜಮ್ಮನ ಜಗಲಿಯ ತನಕ ಹರಿಯಿತು. ಮಲ್ಲಾಜಮ್ಮ ಊರಿಗೆಲ್ಲ ಅಜ್ಜಿ. ಹೊತ್ತೇರಿದರೂ ಮುಚ್ಚಿದ ಕಿಟಕಿ, ತೊಳೆದ ಮನೆ, ಆಸ್ಪತ್ರೆಯ ವಾಸನೆ, ಮೂರೂ ಒಟ್ಟಿಗೆ ಕಂಡರೆ ಆಕೆ ಸುಮ್ಮನೆ ಕೂರುವವಳಲ್ಲ.

"ಯಾಕ್ಲಾ ಮಗ, ಏನಾಯ್ತು? ಯಾರ್ಗೇನಾಯ್ತು?" ಎನ್ನುತ್ತ ನೇರ ಒಳಬಂದು ಒಂದು ಕಿಟಕಿ ತೆಗೆದೇಬಿಟ್ಟಳು.

"ಏನೂ ಆಗಿಲ್ಲ ಅಜ್ಜಿ. ಚಿನ್ನುಗೆ ಜ್ವರ ಬಂದು ಬಿಟ್ಟೈತಂತೆ, ಸಂಜೆಗೆ ಕರ್ಕಂಡು ಬತ್ತಾವ್ರೆ. ಕಿಟಕಿ ಮುಚ್ಚಜ್ಜಿ, ಸೆಕೆ ಬತ್ತದೆ."

"ಕಿಟಕೀಲಿ ಗಾಳಿ ಬತ್ತದೋ ಸೆಕೆ ಬತ್ತದೋ?"

"ಹಗಲು ಬರೋ ಗಾಳೀನೇ ಸೆಕೆ ಅಜ್ಜಿ."

ಅಜ್ಜಿ ಅವನ ಹಣೆ ಮುಟ್ಟಿ ನೋಡಿದಳು. ಆಮೇಲೆ ಏನೋ ನೆನಪಾದವಳಂತೆ ಮನೆಗೆ ಹೋಗಿ ಬಂದಳು. ಕೈಯಲ್ಲಿ ಬಾಣಲೆ ತುಂಬ ಕೆಂಡ, ಮೇಲೆ ಬೇವಿನ ಸೊಪ್ಪು, ಲೋಬಾನ. "ಮಗು ಬರೋ ಮನೆ, ಧೂಪ ಹಾಕ್ದೆ ಇರಕ್ಕಾಯ್ತದಾ" ಎಂದು ನಡುಮನೆಯಲ್ಲಿ ಇಟ್ಟೇಬಿಟ್ಟಳು. ವಿರೂಪಾಕ್ಷ ಬಾಣಲೆಯನ್ನು ಎತ್ತಿಕೊಂಡು ಹಿತ್ತಿಲಿಗೆ ಓಡುವಷ್ಟರಲ್ಲಿ ಮನೆಯೆಲ್ಲ ಹೊಗೆ. ಹೊಗೆ ಹೋಗಬೇಕೆಂದರೆ ಕಿಟಕಿ ತೆಗೆಯಬೇಕು, ಕಿಟಕಿ ತೆಗೆದರೆ ಸೆಕೆ ಬರಬೇಕು. ಬೇರೆ ದಾರಿಯಿಲ್ಲದೆ ತೆಗೆದು, ಹೊಗೆ ಹೋದದ್ದೇ ಮತ್ತೆ ಮುಚ್ಚಿದ. ಅಷ್ಟರಲ್ಲೇ ಗೋಡೆಗೆ ನೇತುಹಾಕಿದ್ದ ಬ್ಯಾರನ್ನಿನ ಫ್ಯಾರನ್‌ಹೀಟ್ ಥರ್ಮಾಮೀಟರು ಎಂಬತ್ತರಿಂದ ಎಂಬತ್ತಾರಕ್ಕೆ ಹತ್ತಿತು.

ಹೊಗೆ ಕಂಡು ಓಡಿಬಂದವನು ದೇವರಾಜು. ಇಬ್ಬರೂ ಪಾಲಿನಲ್ಲಿ ಬ್ಯಾರನ್ನು ನಡೆಸುವವರು, ಚಡ್ಡಿ ಕಾಲದ ಗೆಳೆಯರು. ವಿಷಯ ಕೇಳಿ ಥರ್ಮಾಮೀಟರಿನ ಮುಂದೆ ನಿಂತು ತಲೆ ಕೆರೆದುಕೊಂಡ.

"ಎಂಬತ್ತಾರು. ಇದು ಸೊಪ್ಪಿಗೆ ಬಣ್ಣ ಬರೋಕೂ ಸಾಲ್ದಲ್ಲಲಾ."

"ನಾನೇನು ಸೊಪ್ಪು ಬೇಯಿಸ್ತಿದ್ದೀನೇನ್ಲಾ? ಮನೆ ತಂಪು ಮಾಡ್ತಿದ್ದೀನಿ."

"ತಂಪು ಮಾಡೋನು ಎಲ್ಲಾ ಮುಚ್ಕಂಡು ಕೂತ್ರೆ? ಕೆಳಗಿಂದೂ ಮೇಲಿಂದೂ ತೆಗಿ. ಬಿಸಿ ಮೇಲ್ಕೆ ಎದ್ದು ಹೊಂಟೋಯ್ತದೆ."

"ಬ್ಯಾರನ್ನಲ್ಲಿ ಬೆಂಕಿ ಒಳಗಿರ್ತದೆ ಕಣ್ಲಾ, ತಂಪು ಹೊರಗೆ. ತೆಗೆದ್ರೆ ತಂಪು ಬತ್ತದೆ. ಇಲ್ಲಿ ಬೆಂಕಿನೇ ಹೊರಗೈತೆ. ಈಗ ತೆಗೆದ್ರೆ ಬರೋದೇನು, ನೀನೇ ಹೇಳು."

ದೇವರಾಜು ಗಾಳಿಗೂಡನ್ನೂ ಕೆಳಗಿನ ಕಿಂಡಿಯನ್ನೂ ನೋಡಿದ. "ಅಂಗಾದ್ರೆ ಇದು ಉಲ್ಟಾ ಬ್ಯಾರನ್ನು ಅನ್ನು" ಎಂದ. ವಿರೂಪಾಕ್ಷನಿಗೆ ಬಲು ಖುಷಿಯಾಯಿತು. ತನ್ನ ಮನೆಯನ್ನು ಊರಲ್ಲಿ ಇಷ್ಟು ಸರಿಯಾಗಿ ಅರ್ಥ ಮಾಡಿಕೊಂಡವರು ಇವನೊಬ್ಬನೇ ಎಂದುಕೊಂಡು, ಥರ್ಮಾಮೀಟರು ನೋಡುತ್ತಿರಲು ಅವನಿಗೇ ಹೇಳಿ, ಗೋಣಿಚೀಲ ನೆನೆಸಿ ತರಲು ಬಾವಿಯ ಕಡೆ ಹೋದ. ದೇವರಾಜುವಿನ ತಲೆಗೆ ಅರ್ಥವಾಗಿದ್ದೇನೋ ನಿಜ. ಆದರೆ ಅವನ ಕೈ ಇಪ್ಪತ್ತು ವರ್ಷದಿಂದ ಬ್ಯಾರನ್ನಿನ ಹಗ್ಗ ಎಳೆದ ಕೈ. ಥರ್ಮಾಮೀಟರು ಇನ್ನೊಂದು ಗೆರೆ ಹತ್ತಿದ್ದೇ ತಡ, ಕಾಲು ಹೊರಗೆ ಹೋಯಿತು, ಕೈ ಹಗ್ಗ ಎಳೆಯಿತು, ಬಗ್ಗಿ ಕೆಳಗಿನ ಕಿಂಡಿಗಳನ್ನೂ ತೆಗೆಯಿತು. ಹೊಲದ ಕಡೆಯ ಬಿಸಿಗಾಳಿ ಸರಸರನೆ ಒಳಗೆ ಬಂದು ಕೂತಿತು.

"ತೊಂಬತ್ತೊಂದಾಯ್ತು ಕಣ್ಲಾ" ಎಂದು ದೇವರಾಜು ಬಾವಿಯವರೆಗೂ ಕೇಳಿಸುವಂತೆ ಕೂಗಿದ. ವಿರೂಪಾಕ್ಷ ಗೋಣಿಚೀಲ ಎಸೆದು ಓಡಿಬಂದು, ಅವನನ್ನು ಬೈದು, ಕಿಂಡಿಗಳನ್ನೆಲ್ಲ ಮತ್ತೆ ಮುಚ್ಚಿದ. ಸ್ವಲ್ಪ ಹೊತ್ತಿಗೆ ಗೋಡೆಯ ತಂಪಿನ ಕೈ ಮೇಲಾಯಿತು. ದೇವರಾಜು ತನ್ನ ತಪ್ಪು ತೊಳೆದುಕೊಳ್ಳುವವನಂತೆ ಒಂದೊಂದು ಗೆರೆ ಇಳಿದಾಗಲೂ ಕೂಗಿ ಹೇಳತೊಡಗಿದ. "ತೊಂಬತ್ತು. ಎಂಬತ್ತೊಂಬತ್ತು. ಇಳೀತಾ ಐತೆ, ಇಳೀತಾ ಐತೆ."

ಎದುರು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಮಲ್ಲಾಜಮ್ಮನ ಕೈ ನಿಂತಿತು. ಜ್ವರದ ಲೆಕ್ಕ ಅವಳಿಗೆ ಗೊತ್ತಿತ್ತು. ತೊಂಬತ್ತೆಂಟಿದ್ದರೆ ಸರಿ, ನೂರು ದಾಟಿದರೆ ಡಾಕ್ಟರು. ಎಂಬತ್ತೊಂಬತ್ತು ಎಂಬ ಜ್ವರವನ್ನು ಆಕೆ ಹುಟ್ಟಿದಾರಭ್ಯ ಕೇಳಿರಲಿಲ್ಲ. "ಅಯ್ಯೋ ಶಿವನೇ, ಮಗು ಮೈ ತಣ್ಣಗಾಯ್ತಾ ಐತಂತೆ" ಎಂದು ಎದ್ದವಳು ಬೀದಿಯ ಹೆಂಗಸರನ್ನೆಲ್ಲ ಕರೆದುಕೊಂಡೇ ಬಂದಳು. ಬಂದವರು ನಡುಮನೆ ತುಂಬ ಕೂತು ಸೆರಗು ಬಾಯಿಗಿಟ್ಟುಕೊಂಡರು.

"ಮಗು ಇನ್ನೂ ಬಂದೇ ಇಲ್ಲ ಕಣಜ್ಜಿ" ಎಂದ ವಿರೂಪಾಕ್ಷ. "ಅದು ಗೋಡೆ ಥರ್ಮಾಮೀಟರು."

"ಗೋಡೇಗೂ ಜ್ವರವಾ" ಎಂದಳು ಮಲ್ಲಾಜಮ್ಮ.

ಅಳಲು ಕಾರಣವಿಲ್ಲವೆಂದು ತಿಳಿದ ಮೇಲೂ ಯಾರೂ ಏಳಲಿಲ್ಲ. ಹೊರಗೆ ನೆತ್ತಿ ಸುಡುವ ಬಿಸಿಲು. ಇಲ್ಲಿ ನೆಲ ತಂಪು, ಬೆನ್ನಿಗೆ ಗೋಡೆ ತಂಪು. ಒಬ್ಬಳು ಎಲೆಯಡಿಕೆ ಚೀಲ ಬಿಚ್ಚಿದಳು, ಇನ್ನೊಬ್ಬಳು ಕಾಲು ನೀಡಿದಳು. ಅವರಿಗೆ ಮನೆ ಹಿಡಿಸಿತೆಂದು ವಿರೂಪಾಕ್ಷನಿಗೆ ಒಳಗೊಳಗೇ ಹೆಮ್ಮೆ. ಆದರೆ ಪೂಜಾ ಹೇಳಿದ್ದು ನೆನಪಾಗಿ ಬೆವರಿದ. ಸುಮ್ಮನೆ ಕೂತ ಮನುಷ್ಯನ ಮೈಯಿಂದ, ಹಳೇ ಕಾಲದ ನೂರು ವ್ಯಾಟ್ ಬಲ್ಬು ಉರಿದಷ್ಟು ಬಿಸಿ ಬರುತ್ತದಂತೆ. ನಡುಮನೆಯಲ್ಲಿ ಅಂಥ ಹತ್ತಿಪ್ಪತ್ತು ಬಲ್ಬುಗಳು ಎಲೆಯಡಿಕೆ ಹಾಕಿಕೊಂಡು ಉರಿಯುತ್ತಿದ್ದವು. ಥರ್ಮಾಮೀಟರು ಮತ್ತೆ ಹತ್ತಲು ಶುರುಮಾಡಿತು. ದೇವರಾಜು ಕೂಗುವ ಮೊದಲೇ ವಿರೂಪಾಕ್ಷ ಅವನ ಬಾಯನ್ನು ಕೈಯಿಂದ ಮುಚ್ಚಿದ.

"ಅಜ್ಜಿ, ಒಂದು ಮಾತು" ಎಂದು ದನಿ ತಗ್ಗಿಸಿದ. "ಜ್ವರ ಅಂಟುಜಾಡ್ಯ ಅಂತೆ. ಮಾವ ಅದಕ್ಕೇ ಬ್ಲೀಚಿಂಗ್ ಹಾಕಿ ತೊಳ್ಸವ್ರೆ."

ಸುಳ್ಳು ಹೇಳಿದ್ದು ಅವನಿಗೇ ಕಸಿವಿಸಿ. ಆದರೆ ಎಲೆಯಡಿಕೆ ಚೀಲ ಕಟ್ಟುವಷ್ಟರಲ್ಲಿ ಮನೆ ಖಾಲಿಯಾಯಿತು. ಕೊನೆಯವಳು ತಾವು ಬಂದಾಗ ತೆಗೆದಿದ್ದ ಕಿಟಕಿಯನ್ನೂ ಮುಚ್ಚಿಕೊಂಡು ಹೋದಳು, ಜಾಡ್ಯ ಹೊರಗೆ ಬಾರದಿರಲೆಂದು. ಅಂದಿನಿಂದ ಊರಲ್ಲಿ ಆ ಕಿಟಕಿ ಮುಚ್ಚಿದ್ದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಮಧ್ಯಾಹ್ನವೆಲ್ಲ ವಿರೂಪಾಕ್ಷ ನೆರಳಿನ ಕಡೆಯ ಒಂದು ಕಿಂಡಿಗೆ ಒದ್ದೆ ಗೋಣಿಚೀಲ ಕಟ್ಟಿ, ಅದು ಆರದಂತೆ ನೀರು ಚಿಮುಕಿಸುತ್ತ ಕೂತ. ಗೋಣಿಯ ನೂಲಿನಿಂದ ನೀರು ಆರುತ್ತ ಗಾಳಿಯ ಬಿಸಿಯನ್ನು ತಾನೇ ತೆಗೆದುಕೊಂಡು ಹೋಗುವುದು ಅವನಿಗೆ ಎಷ್ಟು ಸಲ ನೋಡಿದರೂ ಬೆರಗು. ಬಿಸಿಲು ಇಳಿಯುವ ಹೊತ್ತಿಗೆ ಗೆರೆ ಎಪ್ಪತ್ತೊಂಬತ್ತಕ್ಕೆ ಬಂದು ನಿಂತಿತು. ಅವನು ತೊಟ್ಟಿಲು ಕಟ್ಟಿದ. ಖಾಲಿ ತೊಟ್ಟಿಲನ್ನೇ ಒಮ್ಮೆ ತೂಗಿ, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಇನ್ನೊಮ್ಮೆ ತೂಗಿದ.

ಸಂಜೆ ಊರ ಬಾಗಿಲಿಗೆ ಒಂದು ಗೂಡ್ಸ್ ಟೆಂಪೊ ಬಂತು. ಟೀ ಅಂಗಡಿಯ ಮುಂದೆ ಕೂತಿದ್ದ ಹಿರಿಯ ದೊಡ್ಡಮಾದಯ್ಯ ಕೋಲು ಅಡ್ಡ ಹಿಡಿದು ನಿಲ್ಲಿಸಿದ. "ಸ್ವಾಮಿ, ನಿಮ್ಮಳಿಯನ ಮನೇಗೆ ಹೋಗ್ಬೇಡಿ. ಅಲ್ಲಿ ಅಂಟುಜ್ವರ ಐತೆ."

"ಅದು ನಮ್ದೇ ಜ್ವರ" ಎಂದರು ಷಣ್ಮುಖಪ್ಪನವರು. "ಬೆಳಗ್ಗೇನೇ ಎದ್ದೈತೆ, ದಾರಿ ಬುಡಿ." ದೊಡ್ಡಮಾದಯ್ಯ ಹಿಂದೆ ಸರಿದು ಟವೆಲಿನಿಂದ ಮೂಗು ಮುಚ್ಚಿಕೊಂಡ.

ಟೆಂಪೊ ಮನೆ ಮುಂದೆ ನಿಂತಿತು. ಹಿಂಬದಿಗೆ ಒದ್ದೆ ಬಟ್ಟೆಯ ಮರೆ ಕಟ್ಟಿತ್ತು. ಮಗುವಿಗೆ ಎಷ್ಟು ಜೋಪಾನ ಎಂದುಕೊಂಡು ವಿರೂಪಾಕ್ಷ ಅಂಗಳಕ್ಕೆ ಓಡಿದ. ಷಣ್ಮುಖಪ್ಪನವರು ಅವನನ್ನು ದಾಟಿಕೊಂಡು, ಕಾಲು ತೊಳೆದು, ಒಳಗೆ ಹೋದರು. ನಡುಮನೆಯಲ್ಲಿ ನಿಂತು ಮೂಗಿನಿಂದ ಗಾಳಿ ಎಳೆದು ನೋಡಿದರು. ಗೋಡೆಗೆ ಅಂಗೈ ಇಟ್ಟರು. ಥರ್ಮಾಮೀಟರು ಓದಿದರು. ಗಾಳಿಗೂಡನ್ನು ಕತ್ತೆತ್ತಿ ನೋಡಿ, ಅದರ ಕೆಲಸ ಏನು, ಕೆಳಗಿನ ಕಿಂಡಿ ಯಾತಕ್ಕೆ ಎಂದು ಒಂದೊಂದನ್ನೂ ಕೇಳಿದರು. ಮದುವೆಯಾದಾಗಿನಿಂದ ಮಾವ ಅವನನ್ನು ಇಷ್ಟು ಮಾತಾಡಿಸಿದ್ದು ಅದೇ ಮೊದಲು.

"ಅಳಿಯಂದ್ರೇ" ಎಂದರು ಕೊನೆಗೆ. "ನಾನು ನಿಮ್ಮನ್ನ ತಪ್ಪು ತಿಳ್ಕಂಡಿದ್ದೆ. ಇದಕ್ಕಿಂತ ಒಳ್ಳೆ ಮನೆ ಈ ಜಿಲ್ಲೇಲಿಲ್ಲ." ವಿರೂಪಾಕ್ಷನ ಕಣ್ಣು ತುಂಬಿತು. ಮಾವ ಬಾಗಿಲಿಗೆ ಬಂದು ಕೂಗಿದರು: "ಇಳಿಸ್ರಪ್ಪ."

ಒದ್ದೆ ಬಟ್ಟೆಯ ಮರೆ ಸರಿಯಿತು. ಟೆಂಪೊದವರು ಇಳಿಸಿದ್ದು ಬಿದಿರಿನ ಅಗಲವಾದ ತಟ್ಟೆ. ಅದರ ಮೇಲೆ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ಮೇಲೆ ಬೆಳ್ಳಗೆ ಹರಿದಾಡುವ ಹುಳುಗಳು. ಅದರ ಹಿಂದೆ ಇನ್ನೊಂದು ತಟ್ಟೆ. ಮತ್ತೊಂದು.

"ಮಾವ, ಜ್ವರ..." ಎಂದ ವಿರೂಪಾಕ್ಷ.

"ಅದೇ ಅಂದ್ನಲ್ಲ, ಮೂರ್ನೇ ಜ್ವರ ಎದ್ದವೆ. ಪೊರೆ ಬುಟ್ಟು ಒಳ್ಳೆ ಹಸಿವಾಗಿರ್ತವೆ. ಇನ್ನೊಂದು ಜ್ವರ ಎದ್ರೆ ಆಮೇಲೆ ಗೂಡೇ." ಅಳಿಯನ ಮುಖ ನೋಡಿ ಷಣ್ಮುಖಪ್ಪನವರಿಗೆ ಏನೋ ಹೊಳೆಯಿತು. "ಹೊಗೆಸೊಪ್ಪಿನ ಸೀಮೆಯೋರು ನೀವು. ರೇಷ್ಮೆ ಹುಳ ಪೊರೆ ಬುಡೋದನ್ನ ನಾವು ಜ್ವರ ಅಂತೀವಿ. ಗೊತ್ತಿರ್ನಿಲ್ವಾ?"

ಗೊತ್ತಿರಲಿಲ್ಲ. ಟೆಂಪೊದವರು ತೊಟ್ಟಿಲು ಬಿಚ್ಚಿ ಆ ಕೊಕ್ಕೆಗೆ ತಟ್ಟೆಯ ಹಗ್ಗ ಕಟ್ಟುತ್ತಿದ್ದುದನ್ನು ನೋಡುತ್ತ ವಿರೂಪಾಕ್ಷ ಬಾಗಿಲಲ್ಲೇ ನಿಂತ. ಬೆಳಗಿನಿಂದ ಪಟ್ಟ ಪಾಡೆಲ್ಲ ಹುಳುಗಳಿಗಾಗಿ.

ಆಗ ಟೆಂಪೊದ ಮುಂದಿನ ಬಾಗಿಲು ತೆರೆಯಿತು. ಸೊಪ್ಪಿನ ಮೂಟೆಗಳ ಸಂದಿಯಿಂದ ಉಷಾರಾಣಿ ಇಳಿದಳು, ಸೊಂಟದ ಮೇಲೆ ಚಿನ್ನು. ಹುಳುಗಳಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಲು ತಿಳಿದ ಕೈ ಬೇಕಲ್ಲ. ಅವಳು ಗಂಡನ ಮುಖ ನೋಡದೆ ಒಳಗೆ ಹೋದಳು, ನೆಲದ ಮೇಲೆ ಬರಿಗಾಲಿಟ್ಟು ಒಂದು ಗಳಿಗೆ ನಿಂತಳು, ಮಗುವಿನ ಅಂಗೈಯನ್ನು ಗೋಡೆಗೆ ಒತ್ತಿದಳು. ಚಿನ್ನು ನಕ್ಕಳು.

"ನೀವು ಹೇಳ್ದಾಗ ನಾನು ನಂಬ್ನಿಲ್ಲ ಕಣ್ರೀ" ಎಂದಳು ಉಷಾರಾಣಿ ಒಳಗಿನಿಂದಲೇ. "ನಿಜವಾಗ್ಲೂ ತಂಪಾಗೈತೆ. ಫ್ಯಾನ್ ಬೇಡ ಬುಡಿ. ಇನ್ನು ನಾನು ಇಲ್ಲೇ."

ಇಷ್ಟು ದಿನ ಕಾದದ್ದು ಈ ಮಾತಿಗೆ. ವಿರೂಪಾಕ್ಷ ಮಗಳನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿ ಹೊಸಲಿಗೆ ಕಾಲಿಟ್ಟ. ಮಾವನ ಕೊಡೆ ಎದೆಗೆ ಅಡ್ಡ ಬಂತು.

"ಎಲ್ಲಿಗೆ?"

"ಒಳಗೆ ಮಾವ."

"ಕೈ ತೋರ್ಸಿ." ಮೂಸಿದರು. "ಇವತ್ತು ಹೊಗೆಸೊಪ್ಪಿನ ಮಡಿಗೆ ಹೋಗಿದ್ರಾ ಇಲ್ವಾ?"

"ನೀರು ಹಾಕಕ್ಕೆ ಹೋಗಿದ್ದೆ. ಕೈ ತೊಳ್ಕಂಡಿದ್ದೀನಿ. ಬೇಕಾದ್ರೆ ಸ್ನಾನ ಮಾಡಿ ಬತ್ತೀನಿ."

"ಎಷ್ಟು ಸ್ನಾನ ಮಾಡಿದ್ರೂ ಅಷ್ಟೇ. ಹೊಗೆಸೊಪ್ಪಿನ ಸೋಂಕು ತಾಕಿದ್ರೆ ಹುಳ ಒಂದೂ ಉಳಿಯಕಿಲ್ಲ. ಅದಕ್ಕೇ ಬೆಳಗ್ಗೆ ಫೋನಲ್ಲಿ ಕೇಳಿದ್ದು. ಗೂಡು ಕಟ್ಟೋವರ್ಗೂ ನೀವು ಹೊಸಲು ದಾಟ್ಬೇಡಿ."

"ನಾನೆಲ್ಲಿರ್ಲಿ ಮಾವ?"

ಷಣ್ಮುಖಪ್ಪನವರು ಅಂಗಳಕ್ಕಿಳಿದು ಒಂದು ಚಿಟಿಕೆ ಮಣ್ಣು ಹಿಡಿದು ಗಾಳಿಗೆ ಬಿಟ್ಟು ನೋಡಿದರು. ಹಿ​ತ್ತಿಲಾಚೆಯ ಬ್ಯಾರನ್ನಿನ ಕಡೆಗೆ ಹಾರಿತು. "ಗಾಳಿ ಇಲ್ಲಿಂದ ಅಲ್ಲಿಗೆ ಬೀಸ್ತೈತೆ. ಬ್ಯಾರನ್ನಲ್ಲಿ ಇರ್ಬೋದು, ತೊಂದ್ರೆ ಇಲ್ಲ. ಹಗ್ಗ ಎಳೆಯಕ್ಕೆ ಹೊರಗೊಬ್ರು ಬೇಕೇ ಬೇಕಲ್ಲ."

"ಸ್ವಲ್ಪ ದಿನ ಅಷ್ಟೇ ಕಣ್ರೀ" ಎಂದಳು ಉಷಾರಾಣಿ ಮರುಕದಿಂದ, ಸೊಪ್ಪು ಹಾಕುತ್ತ.

ದೀಪ ಹಚ್ಚುವ ಹೊತ್ತಿಗೆ ವಿರೂಪಾಕ್ಷ ಹೊರಗಿನಿಂದಲೇ ಮನೆಯ ಗಾಳಿಗೂಡು, ಕಿಂಡಿಗಳನ್ನು ತೆಗೆದು, ಬ್ಯಾರನ್ನಿನೊಳಗೆ ಚಾಪೆ ಹಾಸಿದ. ಹಗಲೆಲ್ಲ ಬಿಸಿಲು ಕುಡಿದ ಚಾವಣಿಯ ತಗಡು ಈಗ ಅದನ್ನು ನಿಧಾನಕ್ಕೆ ಕೆಳಗೆ ಬಿಡುತ್ತಿತ್ತು. ದೇವರಾಜು ಒಂದು ಚೊಂಬು ಮಜ್ಜಿಗೆ ತಂದುಕೊಟ್ಟು, "ಇದು ಸರಿಯಾದ ಬ್ಯಾರನ್ನು ಕಣ್ಲಾ, ಇಲ್ಲಿ ನನ್ ಮಾತು ಕೇಳು. ಕೆಳಗಿಂದೂ ಮೇಲಿಂದೂ ತೆಗಿ" ಎಂದು ಹೇಳಿ ಹೋದ.

ಮನೆಯ ನೆಲದ ಕಿಂಡಿಯಿಂದ ಬೆಳಕು ಬೀಳುತ್ತಿತ್ತು. ಅದರ ಹಿಂದಿನಿಂದ ಉಷಾರಾಣಿಯ ದನಿ ಬಂತು.

"ರೀ, ಅಲ್ಲಿದ್ದೀರಾ?"

"ಇಲ್ದೆ ಎಲ್ಲಿಗೋಗ್ಲಿ."

"ಒಳಗೆ ಯಾಕೋ ಚಳಿ ಆಯ್ತಾ ಐತೆ. ಚಿನ್ನು ಎರಡು ಸಲ ಸೀನ್ದ್ಲು. ಮೇಲಿನ ಕಿಂಡಿ ಒಂಚೂರು ಮುಚ್ತೀರಾ?"

ವಿರೂಪಾಕ್ಷ ಕತ್ತಿನ ಬೆವರು ಒರೆಸಿಕೊಂಡು ಎದ್ದುಹೋಗಿ ಹೊರಗೋಡೆಯ ಹಗ್ಗ ಹಿಡಿದ.

"ಸಾಕಾ?"

"ಇನ್ನೊಂಚೂರು."

ಎಳೆದ.